ಇಟ್ಟಿಗೆಗೆ ನಮಸ್ಕಾರ

ಏಡ್ಯಾ ಇಟ್ಟಿಗೆಗೆ ನಮಸ್ಕಾರ ಮಾಡಿತು.

ಮೊದಲ ಸಲ ಅದು ಹಾಗೆ ಮಾಡಿದಾಗ ಗದಗಿನ ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಯಲ್ಲಿದ್ದ ಮೂವರೂ ತಮ್ಮ ಕಣ್ಣನ್ನು ತಾವೇ ನಂಬಲಿಲ್ಲ. ನೆಲದ ತುಂಬ ಮುರುಕಲು ಇಟ್ಟಿಗೆ, ತಗಡು, ಹಳೆಯ ತೊಲೆಯ ತುಂಡುಗಳನ್ನು ಸುರಿದಿದ್ದರು. ಅವುಗಳ ನಡುವೆ ತಡವರಿಸುತ್ತ ಹೊರಟಿದ್ದ, ನಾಲ್ಕು ಕಾಲು ಎರಡು ಕೈಗಳ ಯಂತ್ರದ ಮುಂಗಾಲು ಒಂದು ಅರ್ಧ ಇಟ್ಟಿಗೆಗೆ ತಾಗಿತು. ಯಂತ್ರ ಗಕ್ಕನೆ ನಿಂತಿತು. ಬಲಗೈ ಚಾಚಿ ಆ ಇಟ್ಟಿಗೆಯನ್ನು ಮುಟ್ಟಿತು. ಆಮೇಲೆ ಅದೇ ಕೈಯನ್ನು ಮೇಲೆತ್ತಿ, ತನ್ನ ಕ್ಯಾಮೆರಾದ ಎರಡೂ ಗಾಜುಗಳ ಮೇಲೆ ಮೆಲ್ಲಗೆ ಒತ್ತಿಕೊಂಡಿತು. ಅಷ್ಟು ಹೊತ್ತು ಅದಕ್ಕೆ ಏನೂ ಕಾಣಲಿಲ್ಲ. ಕೈ ಇಳಿಸಿದ ಮೇಲೆ ತಾನೆಲ್ಲಿದ್ದೇನೆಂದು ಹೊಸದಾಗಿ ಹುಡುಕಿಕೊಂಡು, ದಾರಿ ಲೆಕ್ಕ ಹಾಕಿ, ಒಂದು ಹೆಜ್ಜೆ ಇಟ್ಟಿತು. ಆ ಹೆಜ್ಜೆ ಇನ್ನೊಂದು ಇಟ್ಟಿಗೆಗೆ ತಾಗಿತು.

ಇಲಿಯಾಸ್ ಹೊಟ್ಟೆ ಹಿಡಿದುಕೊಂಡು ನಗುತ್ತ ನೆಲಕ್ಕೇ ಕೂತುಬಿಟ್ಟ. ಏಡ್ಯಾನ ಕೀಲುಗಳನ್ನೆಲ್ಲ ಕೂಡಿಸಿದವನು ಅವನು. ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತದೆಂದು ಅದಕ್ಕೆ ಆ ಹೆಸರಿಟ್ಟವನೂ ಅವನೇ. ಭೌತವಿಜ್ಞಾನ ಕಲಿಸುವ ಸವಡಿ ಮೇಡಂ ತಂಡದ ಮಾರ್ಗದರ್ಶಕರು. ಅವರು ನಗಬೇಕೋ ಬಯ್ಯಬೇಕೋ ತಿಳಿಯದೆ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ದಾಕ್ಷಾಯಣಿ ಮಾತ್ರ ನಗಲಿಲ್ಲ. ಅವಳ ಕಿವಿ ಬಿಸಿಯಾಗಿತ್ತು. ಯಂತ್ರಕ್ಕೆ ಆ ಚಾಳಿ ಎಲ್ಲಿಂದ ಬಂತೆಂದು ಅವಳಿಗೆ ನೋಡಿದ ಕೂಡಲೇ ಗೊತ್ತಾಗಿಬಿಟ್ಟಿತ್ತು.

ಆ ಕಾಲಕ್ಕೆ ಯಂತ್ರಗಳಿಗೆ ಯಾರೂ ಕೆಲಸವನ್ನು ಬರೆದು ಕಲಿಸುತ್ತಿರಲಿಲ್ಲ, ತೊಟ್ಟು ಕಲಿಸುತ್ತಿದ್ದರು. ಮಣಿಕಟ್ಟಿಗೆ ಒಂದು ಪಟ್ಟಿ, ಕಾಲಿನ ಗಂಟಿಗೆ ಒಂದು ಪಟ್ಟಿ. ಅವುಗಳಿಗೆ ಸಂಸ್ಕೃತದಲ್ಲಿ ಏನೋ ಉದ್ದನೆಯ ಹೆಸರಿತ್ತು. ಹುಡುಗರು ಬಳೆ, ಗೆಜ್ಜೆ ಎನ್ನುತ್ತಿದ್ದರು. ಮನುಷ್ಯನ ಕೈ ಅಲುಗುವ ಮುಂಚೆ ಸ್ನಾಯುವಿನಲ್ಲಿ ಹರಿಯುವ ಸಣ್ಣ ವಿದ್ಯುತ್ತನ್ನು ಬಳೆ ಹಿಡಿಯುತ್ತದೆ; ಹಿಡಿದಾಗ ಅದರ ಮೇಲಿನ ಹಸಿರು ದೀಪ ಮಿನುಗುತ್ತದೆ. ಕಾಲಿಗೆ ಏನು ತಾಗಿತು, ಆಗ ಕೈ ಏನು ಮಾಡಿತು, ಎಷ್ಟು ಬಿಗಿಯಾಗಿ ಹಿಡಿಯಿತು, ಎಲ್ಲಿ ಅನುಮಾನಿಸಿತು ಎಂಬುದನ್ನೆಲ್ಲ ತಿಂಗಳುಗಟ್ಟಲೆ ಕೂಡಿಟ್ಟು ಯಂತ್ರಕ್ಕೆ ಇಳಿಸಿದರೆ, ಅದು ಆ ಮನುಷ್ಯನ ಹಾಗೆಯೇ ಕೈ ಆಡಿಸುತ್ತದೆ. ಯಾವುದಕ್ಕೆ ಏನು ಅರ್ಥ ಎಂಬುದು ಅದಕ್ಕೆ ತಿಳಿಯದು. ಇದಾದ ಮೇಲೆ ಇದು, ಅಷ್ಟೇ ಅದರ ವಿದ್ಯೆ.

ಹುಡುಗ ಹುಡುಗಿಯರು ಎಂಜಿನಿಯರಿಂಗಿನ ಕಡೆ ಮುಖ ಮಾಡಲಿ ಎಂದು ಸರ್ಕಾರ ವರ್ಷವರ್ಷ ನಡೆಸುತ್ತಿದ್ದ ಸ್ಪರ್ಧೆ ಇದೇ ಬಳೆಯ ಮೇಲೆ ನಿಂತಿತ್ತು. ಕುಸಿದ ಮನೆಯಂಥ ಅವಶೇಷದ ರಾಶಿಯೊಳಗೆ ಮೂರು ರಬ್ಬರ್ ಗೊಂಬೆಗಳನ್ನು ಹೂತಿಡುತ್ತಾರೆ. ವಿದ್ಯಾರ್ಥಿಗಳ ಯಂತ್ರ ಅವನ್ನು ಹುಡುಕಿ ಹೊರಗೆ ತರಬೇಕು. ಬೇಗ ತಂದವರು ಗೆದ್ದರು. ಬಹುಮಾನವೆಂದರೆ ಕಪ್ಪಲ್ಲ. ಗೆದ್ದ ವಿದ್ಯಾರ್ಥಿಯ ಕೈಗುಣವನ್ನು ರಾಜ್ಯದ ರಕ್ಷಣಾ ಯಂತ್ರಗಳಿಗೆಲ್ಲ ಇಳಿಸುತ್ತಾರೆ. ಒಂದು ವರ್ಷ ಎಲ್ಲಿ ಗೋಡೆ ಬಿದ್ದರೂ, ಎಲ್ಲಿ ಸೇತುವೆ ಕುಸಿದರೂ ಮಣ್ಣು ಸರಿಸುವುದು ಆ ಒಂದು ಕೈ. ಅನುಭವಸ್ಥರ ಕೈಗಳನ್ನು ಬಿಟ್ಟು ಹುಡುಗರ ಕೈಯೇ ಏಕೆ ಎಂದು ಕೇಳಿದವರಿಗೆ, ಎಳೆಯ ಕೈಯಲ್ಲಿ ಹಳೆಯ ಚಾಳಿ ಇರುವುದಿಲ್ಲ ಎಂದು ಅಧಿಕಾರಿಗಳು ಹೇಳುತ್ತಿದ್ದರು. ಅವರು ಬೈಂಡಿಂಗ್ ಮಾಡುವವರ ಮನೆಯ ಹುಡುಗಿಯನ್ನು ನೋಡಿರಲಿಲ್ಲ ಅಷ್ಟೇ.

ದಾಕ್ಷಾಯಣಿಯ ಮನೆಯಲ್ಲಿ ಕಾಲಿಡಲು ನೆಲವಿರಲಿಲ್ಲ, ಕಾಗದವಿತ್ತು. ಕಾಗದದ ಕಾಲ ಮುಗಿಯಿತೆಂದು ಭಾಷಣ ಮಾಡಿದವರೇ ಯುಗಾದಿ ಹತ್ತಿರ ಬಂದ ಕೂಡಲೇ ಕ್ಯಾಲೆಂಡರಿಗಾಗಿ ಗದಗಿನ ಪ್ರೆಸ್ಸುಗಳ ಬಾಗಿಲಿಗೆ ಬರುತ್ತಿದ್ದರು. ಪ್ರೆಸ್ಸಿನಿಂದ ಬಂದ ಹಾಳೆಗಳನ್ನು ಅವಳ ಅವ್ವ ಬಸಲಿಂಗವ್ವ ಪಡಸಾಲೆಯಲ್ಲಿ ಕೂತು ಮಡಚಿ ಹೊಲಿಯುತ್ತಿದ್ದಳು. ಅಪ್ಪ ಅಂದಾನಪ್ಪ ಅಂಟು ಹಚ್ಚಿ ರಟ್ಟು ಹಾಕುತ್ತಿದ್ದ. ಅಡುಗೆಮನೆಗೆ ಹೋಗುವ ದಾರಿಯಲ್ಲಿ ಮೂರನೇ ಇಯತ್ತೆಯ ಗಣಿತ, ಬಚ್ಚಲಿಗೆ ಹೋಗುವ ದಾರಿಯಲ್ಲಿ ಪಂಚಾಂಗ. ಕಾಲು ತಾಗದೆ ನಡೆಯಲು ಸಾಧ್ಯವೇ ಇರಲಿಲ್ಲ. ತಾಗಿದಾಗಲೆಲ್ಲ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ಅವಳಿಗೆ ಉಸಿರಾಟದಷ್ಟು ಸಹಜವಾಗಿತ್ತು. ಬಳೆ ಗೆಜ್ಜೆ ತೊಟ್ಟುಕೊಂಡು ಆ ಮನೆಯಲ್ಲಿ ಅವಳು ತಿಂಗಳುಗಟ್ಟಲೆ ಓಡಾಡಿದ್ದಳು. ಹಾಳೆ ಹರಿಯದಂತೆ ಎತ್ತುವ ಅವಳ ನಯವಾದ ಕೈಯಿಂದಲೇ ಏಡ್ಯಾ ಜಿಲ್ಲೆಯ ಸುತ್ತಿನಲ್ಲಿ ಗೆದ್ದಿತ್ತು. ಅಲ್ಲಿ ಬರೀ ಎತ್ತುವ ಪರೀಕ್ಷೆ ಇತ್ತು, ನಡೆಯುವ ಕೆಲಸ ಇರಲಿಲ್ಲ. ನಡೆಯಲು ಬಿಟ್ಟಾಗ ಬಣ್ಣ ಬಯಲಾಯಿತು.

ಆ ಚಾಳಿಯೊಂದನ್ನೇ ಕತ್ತರಿಸಿ ತೆಗೆದರಾಯಿತಲ್ಲ ಎಂದು ಇಲಿಯಾಸ್ ಕೇಳಿದ. ಆಗುವುದಿಲ್ಲ ಎಂದು ಸವಡಿ ಮೇಡಂ ವಿವರಿಸಿದರು. ನಯವಾಗಿ ಎತ್ತುವುದೂ ತಾಗಿದ್ದನ್ನು ಮುಟ್ಟುವುದೂ ಒಂದರೊಳಗೊಂದು ಕಲೆತಿವೆ. ನಾದಿದ ಹಿಟ್ಟಿನಿಂದ ಉಪ್ಪನ್ನಷ್ಟೇ ಹೆಕ್ಕಲು ಬರುತ್ತದೆಯೇ? ಬೇರೆಯವರ ಕೈ ಹಾಕೋಣವೆಂದರೆ ನಿಯಮ ಬಿಡುವುದಿಲ್ಲ. ಜಿಲ್ಲೆಯಲ್ಲಿ ಯಾರ ಕೈ ನೋಂದಣಿಯಾಗಿದೆಯೋ ರಾಜ್ಯದ ಸುತ್ತಿಗೂ ಅದೇ ಕೈ. ಉಳಿದ ದಾರಿ ಒಂದೇ. ದಾಕ್ಷಾಯಣಿ ಮತ್ತೆ ಬಳೆ ತೊಟ್ಟು, ಕಾಲಿಗೆ ತಾಗಿದ್ದನ್ನು ಮುಟ್ಟದೆ ಮುಂದೆ ಹೋಗುವುದನ್ನು ಅಭ್ಯಾಸ ಮಾಡಬೇಕು. ಹಳೆಯದು ಮಸುಕಾಗುವಷ್ಟು ಹೊಸದು ತುಂಬಬೇಕು.

ಅವಳು ಮರುಮಾತಿಲ್ಲದೆ ಒಪ್ಪಿಕೊಂಡಳು. ಈ ಸ್ಪರ್ಧೆಯನ್ನು ಅವಳು ಗೆಲ್ಲಲೇಬೇಕಾಗಿತ್ತು. ಅದಕ್ಕೆ ಕಾರಣ ಮನೆಯಲ್ಲಿ ಎಡಗೈಯಿಂದ ಅಂಟು ಹಚ್ಚುತ್ತ ಕೂತಿತ್ತು.

ಅಂದಾನಪ್ಪನಿಗೆ ಬಲಗೈ ಮೊಣಕೈಯ ತನಕ ಮಾತ್ರ ಇತ್ತು. ಅವನು ಕೆಲಸ ಮಾಡುತ್ತಿದ್ದ ಹಳೆಯ ಪ್ರೆಸ್ಸಿನ ಹಿಂಗೋಡೆ ಒಂದು ಮಧ್ಯಾಹ್ನ ಕುಸಿದಿತ್ತು. ರಕ್ಷಣಾ ಯಂತ್ರ ಬಂತು, ಆ ವರ್ಷ ಯಾರೋ ಗೆದ್ದವರ ಕೈ ಅದರಲ್ಲಿತ್ತು, ಬಹಳ ಚುರುಕಾದ ಕೈ. ಅದು ಅವನ ಮೇಲಿದ್ದ ತೊಲೆಯನ್ನು ಎಳೆಯಿತು. ತೊಲೆಯ ಕೆಳಗೆ ಅವನ ಬಲಗೈ ಇತ್ತು. ಆಗ ದಾಕ್ಷಾಯಣಿ ಆರನೇ ಇಯತ್ತೆ. ಯಂತ್ರ ಮಾಡುವುದನ್ನು ಕಲಿಯುತ್ತೇನೆ, ಅದಕ್ಕೆ ನನ್ನ ಕೈ ಕೊಡುತ್ತೇನೆ ಎಂದು ಆವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಅಂದುಕೊಂಡದ್ದು ಅವಳ ತಲೆಯಿಂದ ಒಂದು ದಿನವೂ ಇಳಿದಿರಲಿಲ್ಲ. ಎಲ್ಲ ಯಂತ್ರಗಳಲ್ಲೂ ತನ್ನ ಕೈ ಇದ್ದರೆ ಇನ್ನೊಬ್ಬರ ಅಪ್ಪನಿಗೆ ಹೀಗಾಗುವುದಿಲ್ಲ. ಅಷ್ಟೇ ಅವಳ ಲೆಕ್ಕ.

ಅಭ್ಯಾಸ ಶುರುವಾಯಿತು. ಹಿತ್ತಲಿನಲ್ಲಿ ಖಾಲಿ ರಟ್ಟಿನ ಡಬ್ಬಿಗಳನ್ನು ಹರಡಿ, ಅವನ್ನು ಒದೆಯುತ್ತ ನಡೆಯುವುದು. ಡಬ್ಬಿ ತಾಗಿದ ಕೂಡಲೇ ಕೈ ತಾನಾಗಿ ಕೆಳಗಿಳಿಯುತ್ತಿತ್ತು. ಅವಳು ಕೈಯನ್ನು ದುಪಟ್ಟಾದಿಂದ ಸೊಂಟಕ್ಕೆ ಕಟ್ಟಿಕೊಂಡಳು. ಉಪಯೋಗವಾಗಲಿಲ್ಲ. ಕೈ ಅಲುಗದಿದ್ದರೂ ಒಳಗೆ ಸ್ನಾಯು ಏಳುತ್ತಿತ್ತು, ಬಳೆ ಅದನ್ನೂ ಹಿಡಿಯುತ್ತಿತ್ತು. ಮರುದಿನ ಏಡ್ಯಾ ಇಟ್ಟಿಗೆ ತಾಗಿದಾಗಲೆಲ್ಲ ಬಲಗೈಯನ್ನು ಎತ್ತಲೂ ಆಗದೆ ಬಿಡಲೂ ಆಗದೆ ಗಡಗಡ ನಡುಗುತ್ತ ನಿಂತಿತು. ಅದನ್ನು ನೋಡಿ ಇಲಿಯಾಸನಿಗೂ ನಗು ಬರಲಿಲ್ಲ.

ಅಂದರೆ ಮುಟ್ಟದಿದ್ದರೆ ಸಾಲದು, ಮುಟ್ಟಬೇಕು ಅನ್ನಿಸಲೂಬಾರದು. ಇದು ತಿಳಿದ ಮೇಲೆ ದಾಕ್ಷಾಯಣಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಊಟಕ್ಕೆ ಕೂತರೆ ಕಾಲು ಕುಣಿಯುತ್ತಿತ್ತು. ದಾರಿಯಲ್ಲಿ ಕಲ್ಲು ಕಂಡರೆ ಒದೆಯುತ್ತಿದ್ದಳು, ಕಾಲೇಜಿನ ಬೆಂಚು, ಬಾಗಿಲು, ಯಾರದೋ ಚೀಲ, ಎಲ್ಲಕ್ಕೂ ಕಾಲು ತಾಗಿಸಿ ಮುಂದೆ ಹೋಗುತ್ತಿದ್ದಳು. ಹೋಗುತ್ತ ಮನಸ್ಸಿನಲ್ಲಿ ಗುಣಾಕಾರ ಮಾಡುತ್ತಿದ್ದಳು, ಬೇರೆ ಏನೂ ಹೊಳೆಯದಿರಲಿ ಎಂದು. ದಿನಗಳು ಕಳೆದಂತೆ ಕೈಯ ಒಳಗಿನ ಆ ಸಣ್ಣ ಎಳೆತ ಕಡಿಮೆಯಾಗುತ್ತ ಬಂತು. ಪ್ರಯೋಗಶಾಲೆಯಲ್ಲಿ ಏಡ್ಯಾ ಇಟ್ಟಿಗೆಗಳನ್ನು ತಳ್ಳಿಕೊಂಡು ಸರಸರ ನಡೆಯಿತು. ಹೂತಿಟ್ಟ ಗೊಂಬೆಯನ್ನು ಅದು ಹೊರಗೆ ತಂದ ವೇಗ ನೋಡಿ ಸವಡಿ ಮೇಡಂ ತಾವೇ ಚಹಾ ತರಿಸಿದರು.

ಚಹಾ ಕುಡಿಯಲು ಸರಿದು ಕೂರುವಾಗ ದಾಕ್ಷಾಯಣಿಯ ಕಾಲು ಇಲಿಯಾಸನ ಪಾದವನ್ನು ತುಳಿಯಿತು. ಅವಳು ಬಿಸ್ಕತ್ತಿಗೆ ಕೈ ಚಾಚಿದಳು. ಅವನು ಅವಳನ್ನೇ ನೋಡಿದ. ರೊಟ್ಟಿಯ ಚೂರು ನೆಲಕ್ಕೆ ಬಿದ್ದರೆ ಎತ್ತಿ ಕಣ್ಣಿಗೆ ಒತ್ತಿಕೊಳ್ಳುವ ಮನೆಯವನು ಅವನೂ. ಏನೋ ಹೇಳಲು ಬಾಯಿ ತೆರೆದವನು ಏಡ್ಯಾನ ವೇಗವನ್ನು ನೆನೆದು ಬಾಯಿ ಮುಚ್ಚಿಕೊಂಡ.

ಬಸಲಿಂಗವ್ವ ಸುಮ್ಮನಿರಲಿಲ್ಲ. ಒಂದು ಸಂಜೆ ದಾಕ್ಷಾಯಣಿ ಹಿತ್ತಲಿನಿಂದ ಒಳಗೆ ಬರುತ್ತ, ಹೊಲಿಗೆಗೆ ಕಾದಿದ್ದ ಹಾಳೆಗಳ ಕಂತೆಯ ಮೇಲೆ ಕಾಲಿಟ್ಟು, ಇಟ್ಟದ್ದು ತಿಳಿಯದೆಯೇ ಅಡುಗೆಮನೆಗೆ ಹೋದಳು. ನೀರು ಕುಡಿದು ತಿರುಗಿದಾಗ ಅವ್ವ ಸೂಜಿ ಕೆಳಗಿಟ್ಟಿದ್ದಳು. ಬಗ್ಗಿ ಆ ಕಂತೆಯನ್ನು ಮುಟ್ಟಿ, ಮಗಳ ಪರವಾಗಿ ತಾನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

“ಯಂತ್ರಕ್ಕ ಕಲಸಾಕ ಹೋಗಿ ನೀ ಏನ್ ಕಲಿಯಾಕತ್ತಿ, ದಾಕ್ಷಿ?” ಎಂದಳು.

ದಾಕ್ಷಾಯಣಿಗೆ ಸಿಟ್ಟು ಬಂತು. ಇದು ನಾಟಕ ಇದ್ದಂತೆ, ಸ್ಪರ್ಧೆ ಮುಗಿದ ಮೇಲೆ ಎಲ್ಲ ಮೊದಲಿನ ಹಾಗೆ ಆಗುತ್ತದೆ, ಕಾಗದಕ್ಕೆ ಕಾಲು ತಾಗಿದರೆ ಯಾರ ಪ್ರಾಣವೂ ಹೋಗುವುದಿಲ್ಲ ಎಂದು ದನಿ ಏರಿಸಿ ಹೇಳಿದಳು. ಇದನ್ನೆಲ್ಲ ತಾನು ಯಾರಿಗಾಗಿ ಮಾಡುತ್ತಿದ್ದೇನೆ ಎಂದೂ ಅಂದುಬಿಟ್ಟಳು. ಅವ್ವ ಮತ್ತೆ ಸೂಜಿ ಎತ್ತಿಕೊಂಡಳು. ಮಾತಾಡಿದವನು ಮೂಲೆಯಲ್ಲಿ ರಟ್ಟಿಗೆ ಅಂಟು ಹಚ್ಚುತ್ತಿದ್ದ ಅಂದಾನಪ್ಪ. ಆ ದಿನದ ಸಂಗತಿಯನ್ನು ಅವನು ಎಂದೂ ಬಿಡಿಸಿ ಹೇಳಿದವನಲ್ಲ.

“ಅವತ್ತ ನನಗ ಎಚ್ಚರ ಇತ್ತವಾ,” ಎಂದ. “ಅದರ ಕಾಲು ನನ್ನ ಎದಿ ಮ್ಯಾಲೆ ಬಂತು. ಈಗ ನಿಲ್ಲತೈತಿ, ಈಗ ಬಗ್ಗಿ ನೋಡತೈತಿ ಅನ್ಕೊಂಡೆ. ಮುಂದ ಹೋತು. ತುಳಿದದ್ದು ಅದಕ್ಕ ಗೊತ್ತಾಗಲಿಲ್ಲ. ಆಮ್ಯಾಲೆ ತೊಲಿ ಎಳೀತು.” ಕುಂಚವನ್ನು ಅಂಟಿನಲ್ಲಿ ಅದ್ದಿ ಸ್ವಲ್ಪ ತಡೆದು, “ಉಳಸಿದ್ದೂ ಅದನ. ಅದನ್ನೇನು ಬೈಯಾಕಾಗೂದಿಲ್ಲ,” ಎಂದು ಸೇರಿಸಿದ.

ಆ ರಾತ್ರಿ ದಾಕ್ಷಾಯಣಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆದರೂ ಬೆಳಗಾಗುವುದರೊಳಗೆ ಮನಸ್ಸನ್ನು ಒಪ್ಪಿಸಿಕೊಂಡಳು. ಡಬ್ಬಿ ಬೇರೆ, ಮನುಷ್ಯ ಬೇರೆ. ತಾನು ಡಬ್ಬಿ ಕಲ್ಲುಗಳನ್ನಷ್ಟೇ ದಾಟುವುದನ್ನು ಕಲಿಸುತ್ತಿದ್ದೇನೆ. ಮನುಷ್ಯನಿಗೆ ಕಾಲು ತಾಗಿದರೆ ತನ್ನ ಕೈ ಸುಮ್ಮನಿರುತ್ತದೆಯೇ? ಯಂತ್ರಕ್ಕೂ ಆ ವ್ಯತ್ಯಾಸ ತಿಳಿದೇ ತಿಳಿಯುತ್ತದೆ. ಇದಾದ ಮೇಲೆ ಇದು ಎಂಬುದಷ್ಟೇ ಅದರ ವಿದ್ಯೆ ಎಂದು ತಾನೇ ಜೂನಿಯರ್ ಹುಡುಗರಿಗೆ ಹೇಳಿಕೊಟ್ಟಿದ್ದನ್ನು ಅವಳು ಆಗ ನೆನಪಿಸಿಕೊಳ್ಳಲಿಲ್ಲ. ನೆನಪಿಸಿಕೊಂಡರೆ ಕೆಲಸ ಕೆಡುತ್ತಿತ್ತು.

ರಾಜ್ಯದ ಸುತ್ತು ನಡೆದದ್ದು ದಾವಣಗೆರೆಯಲ್ಲಿ, ಮುಚ್ಚಿಹೋದ ಒಂದು ಹತ್ತಿ ಮಿಲ್ಲಿನ ಅಂಗಳದಲ್ಲಿ. ನಿಜವಾಗಿಯೇ ಕೆಡವಿದ ಗೋಡೆಗಳು, ಸುರುಳಿ ಸುತ್ತಿಕೊಂಡ ತಗಡುಗಳು, ಮುರಿದ ತೊಲೆಗಳು. ಸುತ್ತ ಮೆಟ್ಟಿಲುಗಳ ಮೇಲೆ ಬೇರೆ ಬೇರೆ ಊರಿನ ಶಾಲೆಯ ಮಕ್ಕಳು ಬಸ್ಸುಗಟ್ಟಲೆ ಬಂದು ಕೂತಿದ್ದರು. ತಿಂಡಿ ಪೊಟ್ಟಣ ಹಿಡಿದು ಯಂತ್ರಗಳಿಗೆ ಹೆಸರು ಕೂಗುತ್ತಿದ್ದ ಆ ಮಕ್ಕಳಲ್ಲಿ ಯಾರು ಯಾರು ಇವತ್ತೇ ಎಂಜಿನಿಯರಾಗಬೇಕೆಂದು ನಿಶ್ಚಯಿಸುತ್ತಿದ್ದರೋ. ಅವರ ನಡುವೆ ಒಂದು ಕಡೆ ಅಂದಾನಪ್ಪನೂ ಇದ್ದ. ಹೆಗಲ ಮೇಲೆ ಹೊದ್ದಿದ್ದ ವಲ್ಲಿ ಬಲತೋಳನ್ನು ಮುಚ್ಚಿತ್ತು.

ತಂಡಗಳಿಗೆ ಅಂಗಳದ ಮೇಲೆ ಗಾಜಿನ ಕೋಣೆ. ಯಂತ್ರವನ್ನು ಒಳಗೆ ಬಿಟ್ಟ ಮೇಲೆ ನಡೆಯೆಲ್ಲ ಅದರದ್ದೇ; ಯಾರೂ ಹೊರಗಿನಿಂದ ಓಡಿಸುವಂತಿಲ್ಲ. ತಂಡದ ಎದುರು ಇರುವುದು ಒಂದು ಪರದೆ, ಒಂದು ಕೆಂಪು ಗುಂಡಿ. ಗುಂಡಿ ಒತ್ತಿದರೆ ಯಂತ್ರ ನಿಲ್ಲುತ್ತದೆ, ಜೊತೆಗೆ ಆ ತಂಡದ ಆಟವೂ ಮುಗಿಯುತ್ತದೆ. ಬೆಂಕಿಗಿಂಕಿ ಹತ್ತಿಕೊಂಡರೆ ಇರಲಿ ಎಂದು ಇಟ್ಟಿದ್ದರು. ಅಲ್ಲಿಯವರೆಗೆ ಅದನ್ನು ಯಾರೂ ಒತ್ತಿರಲಿಲ್ಲ.

ಕರಾವಳಿಯ ಒಂದು ಕಾಲೇಜಿನ ಯಂತ್ರ ಆಗಲೇ ಮೂರೂ ಗೊಂಬೆಗಳನ್ನು ತೆಗೆದು ಎಲ್ಲರ ಬಾಯಿ ಕಟ್ಟಿಸಿತ್ತು. ಅದರ ಸಮಯ ಗೋಡೆಯ ಮೇಲೆ ಹೊಳೆಯುತ್ತಿತ್ತು. ಆಮೇಲೆ ಏಡ್ಯಾನ ಸರದಿ. ಅದು ಇಟ್ಟಿಗೆಗಳ ಮೇಲೆ ಅಡ್ಡಡ್ಡ ಜಾರುತ್ತ, ತಾಗಿದ್ದನ್ನು ಲೆಕ್ಕಿಸದೆ ನುಗ್ಗಿತು. ಮೊದಲ ಗೊಂಬೆ ತಗಡಿನ ಕೆಳಗಿತ್ತು. ತಗಡನ್ನು ಅದು ಎತ್ತಿದ ರೀತಿಗೆ ಮೆಟ್ಟಿಲ ಮೇಲಿನ ಮಕ್ಕಳು ಕೂಡ ಗಪ್ಪಾದರು. ಹೊಸ ಪುಸ್ತಕದ ಪುಟ ತಿರುಗಿಸಿದ ಹಾಗೆ ಎತ್ತಿತ್ತು. ಗೊಂಬೆ ಹೊರಗೆ ಬಂತು, ಮಕ್ಕಳು ಕುಣಿದರು. ಕರಾವಳಿಯವರಿಗಿಂತ ಏಡ್ಯಾ ಬಹಳ ಮುಂದಿತ್ತು. ಇಲಿಯಾಸ್ ದಾಕ್ಷಾಯಣಿಯ ಕುರ್ಚಿಯ ಬೆನ್ನನ್ನು ಹಿಡಿದು ಅಲುಗಾಡಿಸುತ್ತಿದ್ದ. ಸವಡಿ ಮೇಡಂ ಕನ್ನಡಕ ಒರೆಸುವುದನ್ನು ಮರೆತಿದ್ದರು.

ಎರಡನೆಯ ಗೊಂಬೆ ಸುಣ್ಣದ ಹೆಂಟೆಗಳ ಕೆಳಗೆ ಮೊಗಚಿ ಬಿದ್ದಿತ್ತು. ಬೆನ್ನಿನ ಒಂದು ತುಂಡು ಮಾತ್ರ ಕಾಣುತ್ತಿತ್ತು, ಅದೂ ಧೂಳಿನ ಬಣ್ಣವೇ. ಏಡ್ಯಾನ ಮುಂಗಾಲು ಆ ಬೆನ್ನಿನ ಮೇಲೆ ಬಿತ್ತು. ಪರದೆಯ ಮೂಲೆಯಲ್ಲಿ, ಕಾಲಿಗೆ ಏನೋ ತಾಗಿತು ಎಂದು ತೋರಿಸುವ ಹಳದಿ ಚುಕ್ಕೆ ಹೊತ್ತಿಕೊಂಡು ಆರಿತು. ಏಡ್ಯಾ ನಿಲ್ಲಲಿಲ್ಲ. ಇನ್ನೊಂದು ಕಾಲೂ ಅದರ ಮೇಲೆ ಹಾದುಹೋಯಿತು. ಮುಂದೆ ಒಂದು ತೊಲೆ ದಾರಿಗಡ್ಡ ಬಿದ್ದಿತ್ತು. ಅದರ ಇನ್ನೊಂದು ತುದಿ ಎಲ್ಲಿದೆಯೆಂದು ದಾಕ್ಷಾಯಣಿಗೆ ಮೇಲಿನಿಂದ ಕಾಣುತ್ತಿತ್ತು. ಗೊಂಬೆಯ ತೋಳಿನ ಮೇಲೆ.

ಏಡ್ಯಾ ಎರಡೂ ಕೈ ಚಾಚಿ ತೊಲೆಯನ್ನು ಹಿಡಿಯಿತು. ಅವಳದೇ ಹಿಡಿತ, ಬಿಗಿಯಾಗಿ, ನಯವಾಗಿ. ಅದು ಎಳೆಯುವ ಮುಂಚೆ ಒಂದು ಗಳಿಗೆ ಭಾರ ತೂಗಿ ನೋಡಿತು. ತನ್ನ ಎದೆಯ ಮೇಲೆ ಕಾಲು ಬಂದಾಗ ಅಪ್ಪ ಈಗ ನಿಲ್ಲುತ್ತದೆ, ಈಗ ಬಗ್ಗಿ ನೋಡುತ್ತದೆ ಎಂದು ಕಾದಿದ್ದು ಇಂಥದೇ ಒಂದು ಗಳಿಗೆ ಇರಬೇಕು. ಇಷ್ಟು ವರ್ಷ ಯಾರದೋ ಕೈ ಅಪ್ಪನನ್ನು ತುಳಿಯಿತು ಎಂದುಕೊಂಡಿದ್ದಳು. ಈಗ ತುಳಿದು ಮುಂದೆ ಹೋದದ್ದು ತಾನು.

ದಾಕ್ಷಾಯಣಿ ಕೆಂಪು ಗುಂಡಿ ಒತ್ತಿದಳು.

ಅಂಗಳದ ದೀಪಗಳೆಲ್ಲ ಬಿಳಿಯಾದವು. ಏಡ್ಯಾ ತೊಲೆ ಹಿಡಿದುಕೊಂಡೇ ನಿಂತುಬಿಟ್ಟಿತು. ಮೆಟ್ಟಿಲ ಮೇಲಿನ ಮಕ್ಕಳಿಗೆ ಏನಾಯಿತೆಂದು ತಿಳಿಯಲಿಲ್ಲ. ಇಲಿಯಾಸ್ ಅವಳ ಮುಖ ನೋಡಿದ, ಆಮೇಲೆ ಕೋಣೆಯಿಂದ ಹೊರಗೆ ಹೋಗಿಬಿಟ್ಟ. ಗೆಲ್ಲುತ್ತಿದ್ದರು, ಎಲ್ಲರಿಗೂ ಗೊತ್ತಿತ್ತು. ಗೊಂಬೆ ರಬ್ಬರಿನದು, ತೋಳು ಹರಿದಿದ್ದರೂ ಅಂಕ ಹೋಗುತ್ತಿರಲಿಲ್ಲ.

ಸ್ಪರ್ಧೆಯ ಅಧಿಕಾರಿಯೊಬ್ಬರು ಬಂದು ಯಂತ್ರದಲ್ಲಿ ದೋಷವಿತ್ತೇ ಎಂದು ವಿಚಾರಿಸಿದರು. ವಯಸ್ಸಾದವರು, ಒಳ್ಳೆಯವರು. ಹುಡುಗಿ ಗಾಬರಿಯಲ್ಲಿ ಗುಂಡಿ ಒತ್ತಿದ್ದರೆ ಇನ್ನೊಂದು ಅವಕಾಶ ಕೊಡಿಸಬಹುದೇನೋ ಎಂಬ ಕನಿಕರವೂ ಅವರಿಗಿತ್ತು.

“ಗಾಬರಿ ಆಗಿಲ್ರಿ,” ಎಂದಳು ದಾಕ್ಷಾಯಣಿ. “ಅದು ಮನಷ್ಯಾನ್ನ ತುಳಿದು ಮುಂದ ಹೋತ್ರಿ. ತುಳಿದದ್ದು ಅದಕ್ಕ ಗೊತ್ತಾಗಲಿಲ್ಲ. ಗೊತ್ತಾಗಬಾರದು ಅಂತ ನಾನ ಕಲಿಸೀನಿ.”

ಅದಕ್ಕೆ ನಿಯಮದಲ್ಲಿ ಅಂಕ ಕಡಿಯುವ ಕಲಮೇ ಇಲ್ಲವಲ್ಲ ಎಂದು ಅವರು ಹೇಳಿದರು. ಈಗ ಗೆದ್ದ ಕರಾವಳಿಯ ಯಂತ್ರಕ್ಕಾದರೂ ತುಳಿದದ್ದು ಗೊತ್ತಾಗುತ್ತದೆಯೇ ಎಂದು ಅವಳು ತಿರುಗಿ ಕೇಳಿದಳು. ಅವರು ಗೋಡೆಯ ಮೇಲೆ ಹೊಳೆಯುತ್ತಿದ್ದ ಸಮಯದ ಕಡೆ ನೋಡಿದರು, ಅದನ್ನು ನಾವು ಯಾವತ್ತೂ ಅಳೆದಿಲ್ಲ ಎಂದು ಒಪ್ಪಿಕೊಂಡು ಹೋದರು.

ಗದಗಿನ ಬಸ್ಸು ಹೊರಟಾಗ ಇನ್ನೂ ಬಿಸಿಲಿತ್ತು. ಏಡ್ಯಾ ಗೋಣಿಚೀಲ ಹೊದ್ದುಕೊಂಡು ಹಿಂದಿನ ಸೀಟಿನ ಕೆಳಗೆ ಮಲಗಿತ್ತು. ಸವಡಿ ಮೇಡಂ ಮುಂದಿನ ಸಾಲಿನಲ್ಲಿ ಕೂತು ಕಿಟಕಿಯ ಹೊರಗೆ ನೋಡುತ್ತಿದ್ದರು. ಹತ್ತುವಾಗ ಅವರು ದಾಕ್ಷಾಯಣಿಯ ಬೆನ್ನ ಮೇಲೆ ಒಮ್ಮೆ ಕೈ ಇಟ್ಟಿದ್ದರು. ಅವಳಿಗೆ ಅಳು ಬರಬೇಕಿತ್ತು, ಬರಲಿಲ್ಲ. ಕರಾವಳಿಯ ಆ ಚುರುಕು ಕೈ ನಾಳೆಯಿಂದ ಊರೂರಿನ ಯಂತ್ರಗಳಲ್ಲಿ ಇಳಿಯುತ್ತದೆ. ಎಲ್ಲಿ ಯಾವ ಗೋಡೆ ಬೀಳುತ್ತದೋ, ಅದರ ಕೆಳಗೆ ಯಾರು ಎಚ್ಚರವಾಗಿ ಕಾಯುತ್ತಾರೋ. ಅವಳು ಕೂತಲ್ಲೇ ಹೊರಳುತ್ತಿದ್ದಳು.

ಬಸ್ಸು ಸ್ವಲ್ಪ ದೂರ ಬಂದ ಮೇಲೆ ಇಲಿಯಾಸ್ ಹಿಂದಿನಿಂದ ಎದ್ದು ಬಂದು ನಡುದಾರಿಯ ಆಚೆಯ ಸೀಟಿನ ಅಂಚಿಗೆ ಕೂತ. ಮುಖ ಇನ್ನೂ ಗಂಟು ಹಾಕಿಕೊಂಡೇ ಇತ್ತು.

“ಕಣ್ಣ ಯಾಕ ಮುಚ್ಚಬೇಕು ಅದು?” ಎಂದ, ಜಗಳದ ಮುಂದುವರಿಕೆ ಎಂಬ ಹಾಗೆ. “ಕಣ್ಣ ಮುಚ್ಚಿದ್ದಕ್ಕ ತಡ ಆಗತಿತ್ತು. ಮುಟ್ಟಿದ್ದಕ್ಕಲ್ಲ. ಬರೇ ಮುಟ್ಟಿದ್ರ ಸಾಕಲ್ಲ. ಅಂಗೈಯಾಗ ಶಾಖ ತಿಳಿಯೂವಂಥದ್ದು ಒಂದು ಕೂಡಸ್ತೀನಿ. ಇಟ್ಟಂಗಿ ತಣ್ಣಗಿರತೈತಿ, ಮನಷ್ಯಾ ಬೆಚ್ಚಗಿರತಾನ. ಬೆಚ್ಚಗಿದ್ರ ನಿಲ್ಲತೈತಿ, ಇಲ್ಲಂದ್ರ ಹೋಗತೈತಿ.”

ದಾಕ್ಷಾಯಣಿ ಅವನ ಕಡೆ ತಿರುಗಿದಳು. ಎಷ್ಟು ಸರಳವಾಗಿತ್ತು. ಇಷ್ಟು ವಾರ ಅದನ್ನು ತೆಗೆಯುವುದು ಹೇಗೆಂದು ಒದ್ದಾಡಿದವರಿಗೆ, ಅದನ್ನು ಬಳಸುವುದು ಹೇಗೆಂದು ಒಮ್ಮೆಯೂ ಹೊಳೆದಿರಲಿಲ್ಲ. ತಾಗಿದ್ದನ್ನೆಲ್ಲ ಮುಟ್ಟಿ ನೋಡುವ ಯಂತ್ರ ಇಡೀ ರಾಜ್ಯದಲ್ಲಿ ತಮ್ಮದೊಂದೇ ಇತ್ತು. ಅದನ್ನು ತಾವೇ ಕಲಿಸಿ ಕೆಡಿಸಿದ್ದರು. ಶಾಖ ತಿಳಿಯುವ ಆ ಬಿಲ್ಲೆಯನ್ನು ಬೆರಳ ತುದಿಗೆ ಕೂಡಿಸಬೇಕೋ ಅಂಗೈಗೋ ಎಂದು ಅವರಿಬ್ಬರೂ ವಾದ ಮಾಡಿದರು, ಧೂಳಿನ ಮೇಲೆ ಶಾಖ ಎಷ್ಟು ತಿಳಿದೀತು ಎಂದು ಕಿತ್ತಾಡಿದರು. ಬರುವ ವರ್ಷ ಅವಳ ಕೈಯನ್ನು ಮತ್ತೆ ಜಿಲ್ಲೆಯಿಂದ ನೋಂದಾಯಿಸಬೇಕು, ಎಲ್ಲವನ್ನೂ ಮೊದಲಿನಿಂದ ಕಲಿಸಬೇಕು. ಇಲಿಯಾಸ್ ತನ್ನ ಸೀಟಿಗೆ ಹೋಗುವಾಗ ಒಂದು ಮಾತು ಉಳಿಸಿ ಹೋದ.

“ಆದ್ರ ಅದಕ್ಕ ನಿನ್ನ ಹಳೇ ಕೈ ಬೇಕು,” ಎಂದ. “ಐತೇನು ಇನ್ನೂ?”

ಅವಳು ಚೀಲದಿಂದ ಬಳೆ ತೆಗೆದು ಮಣಿಕಟ್ಟಿಗೆ ಹಾಕಿಕೊಂಡಳು, ಬಗ್ಗಿ ಗೆಜ್ಜೆಯನ್ನೂ ಕಟ್ಟಿಕೊಂಡಳು. ಪಕ್ಕದಲ್ಲಿ ಅಂದಾನಪ್ಪ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದ. ಮೆಟ್ಟಿಲಿಳಿದು ಬಂದಾಗ ಎಡಗೈಯಿಂದ ಅವಳ ಚೀಲ ಇಸಿದುಕೊಂಡು ಹೆಗಲಿಗೆ ಹಾಕಿಕೊಂಡಿದ್ದ. ಚಪ್ಪಲಿ ಕಳಚಿದ ಅವನ ಪಾದಗಳು ಸೀಟಿನ ಕೆಳಗೆ ಚಾಚಿದ್ದವು. ಅಂಟಿನ ಒಣ ಕಲೆಗಳು ಬೆರಳುಗಳ ಮೇಲೆ ಹಾಗೆಯೇ ಇದ್ದವು.

ರಸ್ತೆಯಲ್ಲಿ ಉಬ್ಬು ಬಂತು, ಬಸ್ಸು ಕುಪ್ಪಳಿಸಿತು. ದಾಕ್ಷಾಯಣಿಯ ಕಾಲು ಅಪ್ಪನ ಪಾದದ ಮೇಲೆ ಬಿತ್ತು.

ಅವಳು ತನ್ನ ಬಲಗೈಯನ್ನೇ ನೋಡುತ್ತ ಕೂತಳು. ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಒಳಗೆ ಎಲ್ಲೂ ಏನೂ ಎಳೆಯಲಿಲ್ಲ. ಬಳೆಯ ದೀಪವೂ ಮಿನುಗಲಿಲ್ಲ. ಅಪ್ಪನ ಪಾದಕ್ಕೂ ರಟ್ಟಿನ ಡಬ್ಬಿಗೂ ಅವಳ ಕೈಗೆ ವ್ಯತ್ಯಾಸವೇ ಉಳಿದಿರಲಿಲ್ಲ. ಈಗ ಅವಳ ಕಣ್ಣು ತುಂಬಿ ಬಂತು. ಯಂತ್ರದಿಂದ ತೆಗೆಯಲು ಹೋದದ್ದು ತನ್ನಿಂದಲೇ ಹೋಗಿತ್ತು.

ಅಳುತ್ತಲೇ ಅವಳು ಬಗ್ಗಿದಳು. ಕೈಗೆ ತಾನೇ ದಾರಿ ತೋರಿಸಿ, ಹೊಸ ಕೆಲಸ ಕಲಿಯುವವರ ಹಾಗೆ ನಿಧಾನವಾಗಿ ಚಾಚಿ, ಅಪ್ಪನ ಪಾದವನ್ನು ಮುಟ್ಟಿದಳು. ಪಾದ ಬೆಚ್ಚಗಿತ್ತು. ಆ ಕೈಯನ್ನು ತಂದು ಒಂದು ಕಣ್ಣಿಗೆ, ಆಮೇಲೆ ಇನ್ನೊಂದು ಕಣ್ಣಿಗೆ ಒತ್ತಿಕೊಂಡಳು. ಮಣಿಕಟ್ಟಿನ ಮೇಲೆ ಹಸಿರು ದೀಪ ಮಿನುಗಿತು.

ಅಂದಾನಪ್ಪ ಕಣ್ಣು ಬಿಟ್ಟ. “ಏನಾತವಾ?” ಎಂದ.

“ಏನಿಲ್ಲಪಾ,” ಎಂದಳು ದಾಕ್ಷಾಯಣಿ, ಮತ್ತೊಮ್ಮೆ ಕಾಲನ್ನು ಅವನ ಪಾದಕ್ಕೆ ತಾಗಿಸುತ್ತ. “ಕಲಿಯಾಕತ್ತೀನಿ. ಕಾಲ ಹಿಂದ ತಗೋಬ್ಯಾಡ.”

ಅವನು ಪಾದಗಳನ್ನು ಅಲ್ಲೇ ಬಿಟ್ಟು ಮತ್ತೆ ಕಣ್ಣು ಮುಚ್ಚಿದ.